ವಿಮಾನದ ಫಿಲ್ಟರ್ ಕೊಯ್ದ ದಿನ

ಹೋದ ತಿಂಗಳು ನಾನೊಂದು ವಿಮಾನ ನಿಲ್ಲಿಸಿದೆ.

ನಗಬೇಡಿ. ಶೇಡಬಾಳದ ರೋಡಿನ ಮೇಲೆ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಮಾರುವ ಮುದುಕಿ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ವಿಮಾನ ಹೇಗೆ ನಿಲ್ಲಿಸುತ್ತಾಳೆ? ಬಾಯಿಂದ ನಿಲ್ಲಿಸಿದೆ. ಒಂದೇ ಮಾತು. ಆ ಮಾತು ಆಡಿದ್ದಕ್ಕೆ ಈಗ ಅಂಗಡಿಯಲ್ಲಿ ಒಬ್ಬಳೇ ಕೂತಿದ್ದೇನೆ.

ನಮ್ಮ ಊರಾಚೆ ಸವಳು ಹೊಲಗಳಿವೆ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಉಪ್ಪೆದ್ದ ನೆಲ. ಹುಲ್ಲೂ ಹುಟ್ಟುವುದಿಲ್ಲ. ಅಲ್ಲಿ ಒಬ್ಬ ಸಾಹುಕಾರರು ಮುರುಮಿನ ಮಣ್ಣು ಹಾಕಿಸಿ, ರೋಲರ್ ಹೊಡೆಸಿ, ರನ್‌ವೇ ಮಾಡಿ, ಒಂದು ಸಣ್ಣ ವಿಮಾನ ಇಟ್ಟಿದ್ದರು. ಇಬ್ಬರು ಕೂರುವಂಥದ್ದು. (ಹೊಲ ಸವಳಾದರೆ ಬಡವ ಕೂಲಿಗೆ ಹೋಗುತ್ತಾನೆ, ಶ್ರೀಮಂತ ಮೇಲೆ ಹೋಗುತ್ತಾನೆ.)

ಅದರ ಎಂಜಿನ್ ನೋಡಿಕೊಳ್ಳುತ್ತಿದ್ದವರು ಬಾಳಾಸಾಹೇಬ ಮಿಸ್ತ್ರಿ. ನನ್ನ ಗಂಡನ ದೋಸ್ತ. ಗಂಡ ತೀರಿಕೊಂಡ ಮೇಲೂ ಅಂಗಡಿಗೆ ಬರುವುದು ಬಿಡಲಿಲ್ಲ. ಯಾಕೆಂದರೆ ನನ್ನ ಅಂಗಡಿಯಲ್ಲಿ ಒಂದು ಗಟ್ಟಿ ವೈಸ್ ಇದೆ. ಕಬ್ಬಿಣದ ಸಾಮಾನನ್ನು ಕಚ್ಚಿ ಹಿಡಿಯುವ ದವಡೆ ಅದು. ಅವರ ತಗಡಿನ ಶೆಡ್ಡಿನಲ್ಲಿ ಅಂಥದ್ದಿರಲಿಲ್ಲ.

ವೈಸ್ ಯಾತಕ್ಕೆ? ಫಿಲ್ಟರ್ ಕೊಯ್ಯಲು.

ಆಯಿಲ್ ಫಿಲ್ಟರ್ ನೀವೂ ನೋಡಿರುತ್ತೀರಿ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಡಬ್ಬಿ. ಒಳಗೆ ಮಡಿಕೆ ಮಡಿಕೆ ಕಾಗದ. ಎಂಜಿನ್ನಿನ ಎಣ್ಣೆ ಅದರಲ್ಲಿ ಹಾಯ್ದು ಹೋಗುತ್ತದೆ, ಕಸ ಹಿಂದೆ ಉಳಿಯುತ್ತದೆ. ನಮ್ಮ ಕಡೆ ಟ್ರ್ಯಾಕ್ಟರಿನವರು ಅದನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ಅದ್ದಿ, ಝಾಡಿಸಿ, ಮತ್ತೆ ಅದನ್ನೇ ಹಾಕುತ್ತಾರೆ. 'ಇದೊಂದ ಸೀಸನ್ ನಡೀಲಿ ಬಿಡ್ರಿ' ಅನ್ನುತ್ತಾರೆ. ಕಾರ್ಖಾನೆಗೆ ಕಬ್ಬು ಹೋಗುವ ತನಕ ನಡೆಯುತ್ತದೆ ಕೂಡ.

ವಿಮಾನಕ್ಕೂ ಹಾಗೆಯೇ ಎಂದುಕೊಂಡಿದ್ದೆ. ಒಮ್ಮೆ ಪುಣೆಯಿಂದ ಮಿಸ್ತ್ರಿಯ ಫಿಲ್ಟರ್ ಬರುವುದು ತಡವಾಯಿತು. ನಾನು ಕಪಾಟಿನಿಂದ ಒಂದು ಕಾರಿನ ಫಿಲ್ಟರ್ ತೆಗೆದು ಕೊಟ್ಟೆ. ಅದೇ ಗಾತ್ರ, ತಿರುಪಿನ ಆಟೆಯೂ ಅದೇ, ಅದೇ ರಬ್ಬರ್ ರಿಂಗು.

"ಹಾಕ್ರಿ, ಬರೋಬ್ಬರಿ ಕೂಡತೈತಿ."

"ಕೂಡತೈತಿ ವೈನಿ, ಕೂಡೂದಕ್ಕ ಏನಾಗೈತಿ. ಒಳಗ ಒಂದ ವಾಲ್ವ್ ಇರತೈತಿ. ಕಾಗದ ಕಸದಲೆ ತುಂಬಿದರ, ಅದು ಬಾಯಿ ತಗದು ಎಣ್ಣಿ ಬಿಡಬೇಕು. ಇದರದ್ದು ಎಷ್ಟ ಪ್ರೆಶರಿಗೆ ತಗೀತೈತಿ ನಿಮಗ ಗೊತ್ತೇನು, ನನಗ ಗೊತ್ತೇನು?"

"ಕಾರಿನವ್ರು ಯಾರೂ ಕೇಳಂಗಿಲ್ಲಪಾ."

"ಕಾರು ಬಂದ್ ಬಿದ್ರ ರೋಡಿನ ಬಾಜೂಕ ನಿಂದರಸ್ತಾರ. ಮ್ಯಾಲ ಬಾಜೂ ಎಲ್ಲೈತಿ?"

ಎಂಜಿನ್ ಮಾಡಿದವರು ಯಾವ ನಂಬರ್ ಹೇಳಿದ್ದಾರೋ ಅದನ್ನೇ ಹಾಕಬೇಕಂತೆ. ಹಾಕುವ ಮುಂಚೆ ಹಳೆಯ ರಬ್ಬರ್ ರಿಂಗು ಎಂಜಿನ್ನಿಗೆ ಅಂಟಿಕೊಂಡಿದೆಯಾ ಎಂದು ಬೆರಳಾಡಿಸಿ ನೋಡಬೇಕು. ಒಂದರ ಮೇಲೊಂದು ರಿಂಗು ಕೂತರೆ ಎಣ್ಣೆಯೆಲ್ಲ ಗಾಳಿಗೆ. ಹೊಸ ರಿಂಗಿಗೆ ಎಣ್ಣೆ ಸವರಬೇಕು. ಬಿಗಿ ಮಾಡಿದ ಮೇಲೆ ತಿರುಗಿ ಸಡಿಲಾಗದಂತೆ ತಂತಿ ಕಟ್ಟಬೇಕು. ಇಷ್ಟೆಲ್ಲ ಒಂದು ಡಬ್ಬಿಗೆ! ಇಷ್ಟು ಕಾಳಜಿ ನನಗೆ ನನ್ನ ಸೊಸೆ ಮಾಡಿಲ್ಲ. (ಇದನ್ನು ಓದುತ್ತಾಳೆ, ಓದಲಿ.)

ಹಳೆಯ ಫಿಲ್ಟರನ್ನು ಮಿಸ್ತ್ರಿ ಎಸೆಯುತ್ತಿರಲಿಲ್ಲ. ನನ್ನ ವೈಸಿಗೆ ಹಾಕಿ ಡಬ್ಬಿ ಕೊಯ್ದು, ಒಳಗಿನ ಕಾಗದ ಬಿಡಿಸಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕರೀ ಕಿಟ್ಟ ಇದ್ದರೆ ಚಿಂತೆಯಿಲ್ಲ, ಉಗುರಿನಡಿ ಪುಡಿಯಾಗುತ್ತದೆ. ಲೋಹದ ಚೂರು ಹೊಳೆದರೆ ಎಂಜಿನ್ ಒಳಗೊಳಗೇ ತನ್ನನ್ನು ತಿನ್ನುತ್ತಿದೆ ಎಂದು ಅರ್ಥ.

ಮೊದಲ ಸಲ ನಾನು ಹ್ಯಾಕ್ಸಾ ಗರಗಸ ಕೊಟ್ಟಿದ್ದೆ. ಕೊಯ್ದೆವು. ಒಳಗೆಲ್ಲ ಚಕಮಕ! ಮಿಸ್ತ್ರಿ ತಲೆ ಮೇಲೆ ಕೈ ಇಟ್ಟು ಕೂತರು. ಆಮೇಲೆ ನೋಡಿದರೆ ಅದು ಗರಗಸದ್ದೇ ಪುಡಿ. ಅಂದಿನಿಂದ ಪುಡಿ ಬೀಳದಂತೆ ಕೊಯ್ಯುವ ಕಟರ್ ತಂದುಕೊಂಡರು.

ಆಮೇಲಾಮೇಲೆ ಕಾಗದ ನೋಡುವುದು ನನ್ನ ಕೆಲಸವಾಯಿತು. ಮಿಸ್ತ್ರಿಯ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಎಂದರೆ ಅಂಜಿಕೆ. ನಾನು ಅಕ್ಕಿ ಆರಿಸುವ ಹಾಗೆ ಮಡಿಕೆ ಮಡಿಕೆ ಬಿಡಿಸುತ್ತಿದ್ದೆ, ಅವರು ಚಹಾ ಕುಡಿಯುತ್ತ ಊರ ಸುದ್ದಿ ಹೇಳುತ್ತಿದ್ದರು. ಎದುರಿನ ಕಟಿಂಗ್ ಅಂಗಡಿಯ ಸದಾ ಅಲ್ಲಿಂದಲೇ ಕೂಗುತ್ತಿದ್ದ:

"ಆಯೀ, ಚಹಾದಾಗ ಶುಂಠಿ ಹಾಕೀಯಲ್ಲ, ಮಿಸ್ತ್ರಿ ಬಂದಾನೇನ?"

"ನಿನ್ನ ಕತ್ತರಿ ನೋಡ್ಕೊಳ್ಳಲೇ, ಗಿರಾಕಿ ಕಿವಿ ಹೋದೀತು!"

ಉಳಿದ ದಿನ ಯಾರು ಬರುತ್ತಾರೆ? ಗಿರಾಕಿಗಳು ಮೊಬೈಲಿಗೆ ಫೋಟೊ ಕಳಿಸಿ 'ಐತೇನ?' ಅನ್ನುತ್ತಾರೆ. ಐತಿ ಎಂದರೆ ರೋಡಿನ ಮೇಲೆ ಹಾರ್ನ್ ಹೊಡೆಯುತ್ತಾರೆ. ನಾನೇ ಹೋಗಿ ಕೊಟ್ಟು ಬರಬೇಕು. ಗಂಡ ಇದ್ದಾಗ ಅಂಗಡಿಯ ಬಾಕಿನ ಮೇಲೆ ಕೂರಲು ಜಾಗ ಇರುತ್ತಿರಲಿಲ್ಲ. ಈಗ ಆ ಬಾಕಿನ ಮೇಲೆ ನಾನು ಸಂಡಿಗೆ ಒಣಗಿಸುತ್ತೇನೆ.

ಸರಿ. ಆ ದಿನ ಮಿಸ್ತ್ರಿ ಫಿಲ್ಟರ್ ತಂದರು. ಮರುದಿನ ಮಾಲಕರು ಮಗಳನ್ನು ಕೂರಿಸಿಕೊಂಡು ಹಾರುವವರಿದ್ದರು. ಕೊಯ್ದೆವು, ತೊಳೆದೆವು. ನಾನು ಕಾಗದ ಬಿಸಿಲಿಗೆ ಹಿಡಿದೆ.

ಹೊಳೆಯಿತು. ಒಂದು ಮಡಿಕೆಯಲ್ಲಲ್ಲ, ಸಾಲಾಗಿ. ಆಯಸ್ಕಾಂತ ಹತ್ತಿರ ಒಯ್ದರೆ ಎದ್ದು ಬಂದು ಅಂಟಿದವು.

"ಏನರ ಕಾಣತೈತೇನ್ರಿ ವೈನಿ?"

ಇನ್ನೂ ನೋಡುತ್ತಿರುವವಳ ಹಾಗೆ ಕಾಗದ ಹೊರಳಿಸಿದೆ. ಯಾಕೆಂದರೆ, ಈ ಎಂಜಿನ್ ಇನ್ನೊಮ್ಮೆ ಬಿಚ್ಚುವ ಪಾಳಿ ಬಂದರೆ ವಿಮಾನವನ್ನೇ ಮಾರಿಬಿಡುತ್ತೇನೆ ಎಂದು ಮಾಲಕರು ಹೇಳಿದ್ದು ನನಗೆ ಗೊತ್ತಿತ್ತು. ವಿಮಾನ ಹೋದರೆ ಫಿಲ್ಟರ್ ಇಲ್ಲ. ಫಿಲ್ಟರ್ ಇಲ್ಲದಿದ್ದರೆ ಮಿಸ್ತ್ರಿ ಇಲ್ಲ. ನಿನ್ನೆ ಇದೇ ವೈಸಿನಲ್ಲಿ ಯಾರೋ ಕಬ್ಬಿಣ ಕೊಯ್ದಿದ್ದರು, ಅದರದ್ದೇ ಪುಡಿ ಹಾರಿ ಬಿದ್ದಿದೆ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ನನ್ನ ಕಣ್ಣನ್ನೇ ನಂಬಿದವರು.

ಮಾಲಕರ ಮಗಳ ಮುಖ ಸಹ ನಾನು ನೋಡಿಲ್ಲ. ಆದರೂ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಅದಾವ ಮಿಸ್ತ್ರಿ. ಬಾಳ ಅದಾವ."

"ಗರಗಸದ್ದ ಇರಬೇಕ ನೋಡ್ರಿ."

"ಗರಗಸ ಮುಟ್ಟೀವೇನು? ಎಂಜಿನ್ನಿಂದ ಬಂದಾವು."

ಅವರು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಹೊರಗೆ ಹೋಗಿ ಮಾಲಕರಿಗೆ ಫೋನ್ ಹಚ್ಚಿದರು. ಚಹಾ ಅಲ್ಲೇ ಆರಿತು.

ಮೊನ್ನೆ ಮಿಸ್ತ್ರಿಯ ಫೋನ್ ಬಂತು. ಎಂಜಿನ್ ಬಿಚ್ಚಿದಾಗ ಒಳಗೆ ಒಂದು ಭಾಗ ಸವೆದು ಹೋಗಿತ್ತಂತೆ.

"ಮಾಲಕರು ನಿಮಗ ನಮಸ್ಕಾರ ಹೇಳ್ಯಾರ ವೈನಿ. ವಿಮಾನ ಮಾರಿದ್ರು. ನಾ ಮಿರಜಕ್ಕ ಮಗಳ ಹತ್ತರ ಬಂದೀನಿ."

"ಕಣ್ಣ ತೋರಿಸಿಕೊಂಡ್ರೇನು?"

"ತೋರಸ್ತೀನಿ."

"ಈ ಕಡೆ ಬರೂದು?"

"ಈಗ ನಂದೇನ ಕೆಲಸ ಐತ್ರಿ ಅಲ್ಲಿ?"

ಅವರದೇನೂ ತಪ್ಪಿಲ್ಲ. ನಾವೆಲ್ಲ ಹಾಗೇ ಆಗಿದ್ದೇವೆ. ಕೆಲಸವಿಲ್ಲದೆ ಯಾರ ಬಾಗಿಲಿಗೂ ಹೋಗುವುದಿಲ್ಲ, ಹೋದರೆ ಒಳಗಿನವರು 'ಯಾಕೆ ಬಂದ್ರಿ' ಎಂದು ಕೇಳುತ್ತಾರೆ. ಮಿರಜದಿಂದ ಶೇಡಬಾಳಕ್ಕೆ ರೈಲಿದೆ, ಬಸ್ಸಿದೆ, ಕೂತ ಸೀಟು ಬೆಚ್ಚಗಾಗುವುದರೊಳಗೆ ಊರು ಬರುತ್ತದೆ.

ಒಬ್ಬ ಮುದುಕ ಒಬ್ಬ ಮುದುಕಿಯ ಅಂಗಡಿಗೆ ಬಂದು ಒಂದು ಕಪ್ ಚಹಾ ಕುಡಿದು ಹೋಗಲು, ನಡುವೆ ಒಂದು ವಿಮಾನವೇ ಬೇಕೇನು?