ಸೋಂಪುರದ ಗೇಟಿನ ಮುಂದೆ ಚೆಲ್ಲಿದ ಸಾರು

ಸೋಂಪುರದ ಒಂದು ಫ್ಯಾಕ್ಟರಿಯ ಕ್ಯಾಂಟೀನಿಗೆ ಮಧ್ಯಾಹ್ನದ ಊಟ ಒದಗಿಸುವ ಗುತ್ತಿಗೆ ನಮ್ಮ ಕಾಲೋನಿಯ ಹೆಂಗಸರ ಸಂಘಕ್ಕೆ ಸಿಕ್ಕಿತು. ಸಾಮಾನು, ಊಟ ಎಲ್ಲವನ್ನೂ ಒಬ್ಬರಿಂದಲೇ ಕೊಳ್ಳದೆ ದಲಿತರಿಗೂ ಹೆಂಗಸರಿಗೂ ಅವಕಾಶ ಕೊಡಬೇಕೆಂದು ಕಂಪನಿ ಹೊಸ ನಿಯಮ ಮಾಡಿತ್ತು. ನಮ್ಮ ಅಡುಗೆಯ ರುಚಿ ನೋಡಿ ಆರಿಸಿದವರು ಅಲ್ಲಿನ ಖರೀದಿ ವಿಭಾಗದ ಮೇಡಂ. ಅಲ್ಲಿಯವರೆಗೆ ಆ ಗುತ್ತಿಗೆ ನಮ್ಮೂರಿನ ಜಮೀನುದಾರರೊಬ್ಬರದಾಗಿತ್ತು. ಅವರ ಹೊಲದಲ್ಲಿ ಕಳೆ ಕಿತ್ತವರು ನಾವು.

ಮೊದಲ ವಾರವೇ ಅವರ ಮಗ ಗುಂಪು ಕಟ್ಟಿಕೊಂಡು ಬಂದು ಗೇಟಿನ ಹತ್ತಿರ ನಮ್ಮ ಲಗೇಜ್ ಆಟೋ ಅಡ್ಡಗಟ್ಟಿದ.

"ನೀವ್ ಬೇಯ್ಸಿದ್ದನ್ನ ನಮ್ ಹುಡುಗ್ರು ತಿನ್ಬೇಕಾ? ಇಳೀರೇ ಕೆಳಕ್ಕೆ!"

"ತಿನ್ನೋರು ತಿಂತವ್ರೆ ಕಣಪ್ಪಾ. ದಾರಿ ಬಿಡು," ಎಂದರು ನನ್ನ ಅತ್ತಿಗೆ.

ಅವನು ಮಾತು ಬೆಳೆಸಲಿಲ್ಲ. ಕುದಿಯಾರದ ಸಾರಿನ ಪಾತ್ರೆಯನ್ನು ಒದ್ದ. ಅದು ಅತ್ತಿಗೆಯ ಕೈ ಮೇಲೆ, ತೊಡೆಯ ಮೇಲೆ ಮಗುಚಿತು. ಸೀರೆ ಬಿಡಿಸಲು ಹೋದರೆ ಚರ್ಮವೇ ಕಿತ್ತು ಬಂತು. ಗುಂಪಿನಲ್ಲಿದ್ದ ಇನ್ನೊಬ್ಬ, ನಮ್ಮ ಆಟೋ ಡ್ರೈವರನ ಕತ್ತು ಹಿಡಿದು ಕಂಬಿಗೆ ಬಡಿದ. ನನ್ನ ಕೈಗೆ ಸಿಕ್ಕಿದ್ದು ಅನ್ನ ಬಗೆಯುವ ಕಬ್ಬಿಣದ ಸಟ್ಟುಗ. ಬೀಸಿದೆ. ಜಮೀನುದಾರರ ಮಗನ ಕಿವಿ ಹರಿದು ರಕ್ತ ಅಂಗಿಗೆ ಇಳಿಯಿತು. ಮತ್ತೆ ಬೀಸಿದೆ. ನಿಲ್ಲಿಸಲು ಮನಸ್ಸೇ ಬರಲಿಲ್ಲ. ಯಾರೋ ಹಿಂದಿನಿಂದ ಜಡೆ ಹಿಡಿದು ಕೆಡವಿ ನನ್ನ ಮುಖವನ್ನು ಡಾಂಬರಿಗೆ ಉಜ್ಜಿದರು. ಒಂದು ಹಲ್ಲು ಅಲ್ಲೇ ಹೋಯಿತು. ಸೆಕ್ಯುರಿಟಿಯವರು ಓಡಿಬಂದ ಮೇಲೆ ಆ ಗುಂಪು ಬೈಕು ಹತ್ತಿ ಪರಾರಿಯಾಯಿತು.

ನೆಲಮಂಗಲದ ಆಸ್ಪತ್ರೆಗೆ ಮೇಡಂ ಬಂದರು. "ಮೇಲಿನವ್ರು ಹೆದ್ರಿದ್ದಾರೆ. ಗಲಾಟೆ ತಣ್ಣಗಾಗೋವರ್ಗೂ ಹಳಬ್ರಿಗೇ ಕೊಡೋಣ ಅಂತಿದ್ದಾರೆ."

ಅತ್ತಿಗೆ ನೋವಿನಲ್ಲೇ ಸಿಡಿದರು: "ಸುಟ್ಟಿರೋದು ನನ್ ಕೈ, ಹೆದ್ರೋದು ಅವ್ರಾ? ನಾಳೆ ಊಟ ಬತ್ತದೆ ಅಂತ ಹೇಳಿ."

ಮೇಡಂ ಬ್ಯಾಗಿನಿಂದ ಫೋನು ತೆಗೆದರು. "ಹೇಳ್ತೀನಮ್ಮ. ಒಂದು ಏಟಿಗೆ ಬಿದ್ದೋಗೋ ನಿಯಮ ಯಾಕ್ ಮಾಡಿದ್ರಿ ಅಂತ್ಲೂ ಕೇಳ್ತೀನಿ."

ಮರುದಿನ ಕಾಲೋನಿಯ ಹೆಂಗಸರೆಲ್ಲ ಆಟೋದ ಹಿಂದೆ ಮುಂದೆ ನಡೆದರು. ಮೇಡಂ ಹಟ ಹಿಡಿದು ಪೊಲೀಸ್ ಜೀಪು ತರಿಸಿದ್ದರು. ಟೀ ಅಂಗಡಿ ಮುಂದೆ ನಿಂತಿದ್ದ ಜಮೀನುದಾರರ ಕಡೆಯವರು ನಮ್ಮತ್ತ ಉಗಿದರೇ ಹೊರತು ಹತ್ತಿರ ಬರಲಿಲ್ಲ. ಕ್ಯಾಂಟೀನಿನಲ್ಲಿ ನಮ್ಮೂರಿನ ಕೆಲವರು ತಟ್ಟೆ ತಳ್ಳಿ ಎದ್ದರು. ಉಳಿದವರು ಕೂತು ಉಂಡರು.

ಗುತ್ತಿಗೆ ನಮ್ಮಲ್ಲೇ ಉಳಿದಿದೆ. ಅತ್ತಿಗೆಯ ಬೆರಳು ಪೂರ್ತಿ ಮಡಚುವುದಿಲ್ಲ. ಒಲೆಯ ಮುಂದೆ ನಿಂತು ಉಪ್ಪು ಹುಳಿ ಹೇಳುತ್ತಾರೆ. ಜಮೀನುದಾರರ ಮಗನ ಮೇಲೆ ನಾವು ಕೇಸು ಹಾಕಿದ್ದೇವೆ, ಅವನೂ ನನ್ನ ಮೇಲೆ ಹಾಕಿದ್ದಾನೆ. ಕೋರ್ಟಿನ ಜಗಲಿಯಲ್ಲಿ ಅವನು ಎದುರಾದಾಗಲೆಲ್ಲ ನನ್ನ ಬಲಗೈ ತಾನಾಗಿಯೇ ಮುಷ್ಟಿಯಾಗುತ್ತದೆ.