ಗುಡಿಸಿದ ಸದ್ದು

ಕಿಟಕಿಯ ಸರಳಿಗೆ ಅಳಿಲಿನ ಬಾಲದಂಥ ಬೂದು ಬಣ್ಣದ ಒಂದು ಕುಚ್ಚನ್ನು ಒಣಗಲು ಕಟ್ಟಿದ್ದೇನೆ. ಬೆಳಿಗ್ಗೆ ಹೂವಿನವಳು ಅದನ್ನು ನೋಡಿ, "ಅಮ್ಮಾ, ಬೆಕ್ಕಿನ ಮರಿ ಸಿಗಾಕ್ಕೊಂಡಿದೆ!" ಎಂದು ಕೂಗಿದಳು. ಬೆಕ್ಕಲ್ಲ, ಅದು ಮೈಕಿಗೆ ತೊಡಿಸುವ ಟೋಪಿ. ಗಾಳಿಯ ಸದ್ದು ಒಳಗೆ ನುಗ್ಗದಂತೆ ತಡೆಯುತ್ತದಂತೆ. ಮೊನ್ನೆಯ ಮಳೆಯಲ್ಲಿ ನೆನೆದದ್ದು, ಒದ್ದೆ ಕಂಬಳಿಯ ವಾಸನೆ ಇನ್ನೂ ಹೋಗಿಲ್ಲ. ಆ ವಾಸನೆಗೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಮಕ್ಕಳೇ, ನಿಮಗೆ ಅದನ್ನು ಬರೆದಿಡುತ್ತೇನೆ. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು.

ನನ್ನ ದನಿಯ ವಿಷಯ ನಿಮಗೆ ಗೊತ್ತೇ ಇದೆ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ನಾನು ಉತ್ತರವನ್ನು ಪಕ್ಕದ ಹುಡುಗಿಯ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಅದನ್ನು ಜೋರಾಗಿ ಹೇಳಿ ಶಭಾಷ್‌ಗಿರಿ ತೆಗೆದುಕೊಳ್ಳುತ್ತಿದ್ದಳು. ಮದುವೆಯಾದ ಮೇಲೆ ಅವಳ ಕೆಲಸ ನಿಮ್ಮ ತಾತನಿಗೆ ಬಂತು. ಬಸವೇಶ್ವರನಗರದ ಈ ಮನೆಯಲ್ಲಿ ಸೊಪ್ಪಿನ ಗಾಡಿಯನ್ನು ಕೂಗಿ ನಿಲ್ಲಿಸುತ್ತಿದ್ದವರು ಅವರೇ. ಅವರು ಹೋದ ಮೇಲೆ ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತಿತ್ತು. ಆ ದಿನಗಳ ಸೊಪ್ಪಿಲ್ಲದ ಸಾರನ್ನು ಉಂಡವರು ನೀವೇ.

ಕೆಳಗಿನ ಬಾಡಿಗೆ ಪೋರ್ಷನ್ನಿನ ವಿಷಯವನ್ನೂ ಹೇಳಬೇಕು. ನಾವು ಮನೆ ಕಟ್ಟಿದಾಗ ಅದರ ಬಾಗಿಲಿಗೆ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು, ಈಗ ಮೂರು ಮೆಟ್ಟಿಲು ಇಳಿಯಬೇಕು. ಆಗ ಅಲ್ಲಿ ಬಾಗಲಕೋಟೆ ಕಡೆಯ ರೇಣುಕಾ, ಅವಳ ಗಂಡ, ಅತ್ತೆ ಭೀಮವ್ವ ಇದ್ದರು. ಭೀಮವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ, ಮಲಗುವುದು ನೆಲದ ಮೇಲೆ ಚಾಪೆಯಲ್ಲಿ. ಆ ವರ್ಷದ ಮೊದಲ ಮಳೆಗೇ ಅವರ ಚಾಪೆ ತೇಲಿತ್ತು. ರೇಣುಕಾ ಒಂದು ಮಾತೂ ಆಡದೆ ನೀರು ಬಳಿದು ಹಾಕಿದಳು. ಬೈದಿದ್ದರೆ ವಾಸಿಯಿತ್ತು. ಮತ್ತೆ ಮಳೆ ಬಂದರೆ ಆ ಮುದುಕಿಯ ಗತಿಯೇನು ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಅಂಥ ಸಮಯದಲ್ಲಿ ನಿಮ್ಮೆಲ್ಲರಿಗಿಂತ ದೊಡ್ಡವಳಾದ ಮೇಘನಾ ಈ ಮೈಕನ್ನು ತಂದಳು. ಅವಳ ಕಾಲೇಜಿನವರು ಕರಾವಳಿಯ ಕುದ್ರುಗಳಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿರುವ ಸಣ್ಣ ಸಣ್ಣ ದ್ವೀಪಗಳಲ್ಲಿ, 'ಕೇಳುನಡಿಗೆ' ಅಂತ ಶುರು ಮಾಡಿದ್ದರು. ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ಮಾತಾಡದೆ ನಡೆಯಬೇಕು, ಕಿವಿಗೆ ಬಿದ್ದದ್ದನ್ನೆಲ್ಲ ಮೈಕಿನಲ್ಲಿ ಹಿಡಿದು ಫೋನಿನಲ್ಲಿ ಇನ್ನೊಂದು ದ್ವೀಪದವರಿಗೆ ಕಳಿಸಬೇಕು. ಮಳೆ, ಸಮುದ್ರ, ಹಕ್ಕಿ ಎಲ್ಲ ಹೇಗೆ ಬದಲಾಗುತ್ತಿವೆ ಎಂದು ಅಲ್ಲಿರುವವರೇ ಕೇಳಿ ತಿಳಿಯಬೇಕು.

"ಮಾತಾಡಬಾರದು ಅಂದ್ಮೇಲೆ ನಿನಗಿಂತ ಯಾರಜ್ಜಿ ಬೇಕು?" ಅಂದಳು.

"ನಮ್ಮದು ದ್ವೀಪ ಅಲ್ವಲ್ಲೇ?"

"ಮಳೆ ಬರ್ಲಿ ತಡಿ, ನಮ್ ರಸ್ತೆನೂ ದ್ವೀಪಾನೇ!"

ನನಗೆ ಜೊತೆಯಾಗಿ ಸಿಕ್ಕಿದವರು ಒಂದು ಕುದ್ರುವಿನ ಗುಲಾಬಿ. ನನ್ನ ಹಾಗೇ ಗಂಡ ಇಲ್ಲದವರು, ಹೊಳೆಯಲ್ಲಿ ಮಳಿ ಹೆಕ್ಕಿ ಮಾರುವವರು. ಮಳಿ ಅಂದರೆ ಚಿಪ್ಪಿನೊಳಗಿನ ಮೀನು. ನಾನು ತಿಂದಿಲ್ಲ, ಅದು ಬೇರೆ ಮಾತು. ಅವರಿಗೆ ನಮ್ಮ ರಸ್ತೆ ಕೇಳಿಸಬೇಕು ಅಂದಾಗ ನನಗೆ ನೆಂಟರು ಮನೆಗೆ ಬರುತ್ತಿದ್ದಾರೇನೋ ಎಂಬ ಗಾಬರಿಯಾಯಿತು. ನೆಂಟರು ಬರುವಾಗ ನಾವೇನು ಮಾಡುತ್ತೇವೆ? ಗುಡಿಸುತ್ತೇವೆ. ನನ್ನ ನಡಿಗೆ ಬುಧವಾರ ನಾಲ್ಕು ಗಂಟೆಗೆ. ಅದಕ್ಕೆ ಮೊದಲೇ ಒಂದೊಂದೇ ಮನೆಗೆ ಹೋಗಿ ಪಿಸುಗುಟ್ಟಿ ಬಂದೆ. ಎದುರು ಮನೆಯಾಕೆ ಕುಕ್ಕರ್ ಇಳಿಸಿದಳು. ವೆಲ್ಡಿಂಗ್ ಅಂಗಡಿಯವನು, "ನಿಮಗೋಸ್ಕರ ಟೀ ಬ್ರೇಕ್ ಆಂಟಿ" ಎಂದು ನಕ್ಕ. ಭೀಮವ್ವನಿಗೆ ಕೆಮ್ಮಬೇಡಿ ಎಂದೂ ಹೇಳಿದೆ, ನೆನೆದರೆ ಈಗ ನಾಚಿಕೆ. ನಮ್ಮ ಮನೆಯ ಪಕ್ಕದಲ್ಲೇ, ರಸ್ತೆಯ ಕೊನೆಯಲ್ಲಿ ಚಪ್ಪಡಿಯ ಕೆಳಗೆ ಹರಿಯುವ ರಾಜಕಾಲುವೆಯ ಹತ್ತಿರವಂತೂ ಹೋಗಲೇ ಇಲ್ಲ. ಮೋರಿಯ ಸದ್ದನ್ನು ಯಾರಾದರೂ ನೆಂಟರಿಗೆ ಕೊಡುತ್ತಾರೆಯೇ?

ಎರಡು ದಿನಕ್ಕೆ ಗುಲಾಬಿಯವರ ದನಿ ಬಂತು. "ಅಲ್ಲ ಅಮ್ಮ, ನಿಮ್ಮ ಬೆಂಗಳೂರಲ್ಲಿ ಜನ ಇಲ್ವಾ ಮಾರಾಯ್ರೆ? ಎಲ್ರೂ ಊರು ಬಿಟ್ಟು ಹೋಗಿದ್ದಾರಾ?"

ಮೇಘನಾಗೆ ನಿಜ ಹೇಳಿದೆ. ಅವಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಜ್ಜಿ, ಸದ್ದನ್ನೂ ಕಸದ ಹಾಗೆ ಗುಡಿಸ್ಬಿಟ್ಯಾ!"

ಗುಲಾಬಿ ಗುಡಿಸಿರಲಿಲ್ಲ. ಅವರು ಕಳಿಸಿದ್ದರಲ್ಲಿ ಕೋಳಿಗಳ ಜಗಳವಿತ್ತು, ದೋಣಿಯ ಯಂತ್ರವಿತ್ತು, ಅಂಗಳದ ಕಲ್ಲಿನ ಕಟ್ಟೆಗೆ ನೀರು ಪಟ್ ಪಟ್ ಎಂದು ಬಡಿಯುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮೈಕು ಕೆಟ್ಟಿತೆಂದುಕೊಂಡೆ. ಕೊನೆಗೆ ಅವರ ದನಿ: "ಇದು ನಮ್ಮ ಬಾವಿ. ಇಲ್ಲಿ ಕಪ್ಪೆ ಕೂಗ್ತಿತ್ತು. ಉಪ್ಪು ನೀರು ಒಳಗೆ ಬಂದ ಮೇಲೆ ಇಲ್ಲ. ಆ ಇಲ್ಲದ್ದನ್ನೂ ಕಳಿಸಿದ್ದೇನೆ ಅಮ್ಮ."

ನಾನು ಅದನ್ನು ಮೂರು ಸಲ ಕೇಳಿದೆ. ಮುಂದಿನ ಬುಧವಾರ ಯಾರಿಗೂ ಏನೂ ಹೇಳದೆ ಹೊರಟು, ಚಪ್ಪಡಿಯ ಹತ್ತಿರವೂ ಹೋದೆ. ಬಗ್ಗಿ ಮೈಕು ಹಿಡಿದರೆ ಕೆಳಗೆ ನೀರು ಗೊಳಗೊಳ ಎನ್ನುತ್ತಿತ್ತು. ಆ ಸದ್ದು ತಲುಪಿದಾಗ ಗುಲಾಬಿ ಕೇಳಿದರು, "ಅದರ ಪಕ್ಕ ಮನೆ ಉಂಟಾ?" ಉಂಟು, ಅದರ ಪಕ್ಕದ್ದೇ ನಮ್ಮ ಮನೆ ಅಂದೆ. ಭೀಮವ್ವನ ಚಾಪೆ ತೇಲಿದ ಕಥೆಯನ್ನೂ ಹೇಳಿದೆ. ಯಾರಿಗೂ ಹೇಳಿರದ ನಾಚಿಕೆಯನ್ನು ಮುಖ ನೋಡದ ಹೆಂಗಸಿಗೆ ಹೇಳುವುದು ಸುಲಭವಾಯಿತು.

"ಹಾಗಾದ್ರೆ ಒಂದು ಮಾತು," ಎಂದರು ಗುಲಾಬಿ. "ನೀರು ಗಲಾಟೆ ಮಾಡುವಾಗ ಹೆದರ್ಬೇಡಿ. ಸುಮ್ಮನಾದಾಗ ಹೆದರಿ. ನಮ್ಮ ಕಟ್ಟೆಗೆ ಬಡಿಯುವ ಸದ್ದು ನಿಂತಿತು ಅಂದ್ರೆ ನೀರು ಕಟ್ಟೆ ಹತ್ತಿತು ಅಂತ ಲೆಕ್ಕ."

ಮೊದಲಿಗೆ ಹೇಳಿದೆನಲ್ಲ, ಆ ಮಧ್ಯಾಹ್ನ ಬಂದದ್ದು ನಾವು ಚಿಕ್ಕಂದಿನಲ್ಲಿ ಕಂಡ ಮಳೆಯಲ್ಲ. ನಮ್ಮ ಕಾಲದ ಮಳೆ ಹೇಳಿ ಕೇಳಿ ಬರುತ್ತಿತ್ತು, ನಿಂತು ನಿಂತು ಸುರಿಯುತ್ತಿತ್ತು. ಇದು ತಿಂಗಳ ಮಳೆಯನ್ನು ಒಂದೇ ಕೊಡದಲ್ಲಿ ತಂದು ಕವುಚಿದ ಹಾಗೆ. ನಾನು ಮೈಕು ಹಿಡಿದು ಗೇಟಿನ ಹತ್ತಿರ ಛತ್ರಿಯಡಿ ನಿಂತಿದ್ದೆ. ಚಪ್ಪಡಿಯ ಕೆಳಗೆ ನೀರು ಭೋರ್ ಎನ್ನುತ್ತಿತ್ತು. ನೋಡನೋಡುತ್ತಿದ್ದಂತೆ ಆ ಭೋರ್ ನಿಂತುಹೋಯಿತು. ಮಳೆ ಸುರಿಯುತ್ತಲೇ ಇದೆ, ಕಾಲುವೆ ಮಾತ್ರ ಬಾಯಿ ಮುಚ್ಚಿಕೊಂಡಿದೆ. ರಸ್ತೆಯ ಮೇಲೆ ಇನ್ನೂ ಪಾದ ಮುಳುಗುವಷ್ಟೂ ನೀರಿಲ್ಲ.

ಛತ್ರಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. "ರೇಣುಕಾ! ಅತ್ತೇನ ಮೇಲಕ್ಕೆ ಕರ್ಕೊಂಡ್ ಬಾ! ನೀರು ಬರ್ತಾ ಇದೆ!" ಎಂದು ಯಾರೋ ಅರಚಿದರು. ಅದು ನಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ರೇಣುಕಾ ಬಾಗಿಲಿಗೆ ಬಂದು ರಸ್ತೆ ನೋಡಿದಳು. "ಎಲ್ಲೈತ್ರಿ ನೀರು? ಅವ್ವ ಈಗರ ಮಲಗ್ಯಾಳ್ರಿ."

"ಎಬ್ಬಿಸೇ! ಹೇಳ್ದಷ್ಟು ಕೇಳು!"

ವೆಲ್ಡಿಂಗ್ ಅಂಗಡಿಯವನು ಕೂಗು ಕೇಳಿ ಓಡಿಬಂದ. ಅವನೂ ರೇಣುಕಾಳೂ ಭೀಮವ್ವನನ್ನು ಎರಡೂ ಕಡೆ ಹಿಡಿದು ನಮ್ಮ ಮಹಡಿಯ ಮೆಟ್ಟಿಲು ಹತ್ತಿಸಿದರು. "ನನ್ನ ಚಾಪಿ, ನನ್ನ ಚಾಪಿ" ಎಂದು ಮುದುಕಿ ಗೊಣಗುತ್ತಿತ್ತು. ಅರ್ಧ ಮೆಟ್ಟಿಲು ಹತ್ತಿರಬೇಕು, ಚಪ್ಪಡಿಯ ಸಂದುಗಳಿಂದ ಕಪ್ಪು ನೀರು ಉಕ್ಕಿತು. ಹಿಂತಿರುಗಿ ನೋಡುವಷ್ಟರಲ್ಲಿ ಕೆಳಗಿನ ಪೋರ್ಷನ್ನಿಗೆ ಇಳಿಯುವ ಆ ಮೂರು ಮೆಟ್ಟಿಲು ಕಾಣುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಒಳಗೆ ನೀರು ಸೊಂಟದವರೆಗೆ ಇತ್ತು.

ನಮ್ಮ ಹಾಲಿನಲ್ಲಿ ಕೂತು ಕಾಫಿ ಕುಡಿಯುತ್ತಾ ಭೀಮವ್ವ, "ಏನ್ ದನಿರೀ ಯವ್ವಾ ನಿಮ್ದು!" ಎಂದರು. "ಮೊನ್ನಿ ಕೆಮ್ಮಬ್ಯಾಡ ಅಂದ್ರಲ್ಲ, ಆ ಬಾಯೇನ ಇದು?"

ಅದಾದ ಮೇಲೆ ಆ ಪೋರ್ಷನ್ನಿನಲ್ಲಿ ಯಾರೂ ಮಲಗುತ್ತಿಲ್ಲ. ರೇಣುಕಾ ಮನೆಯವರು ಮೇಲೆ, ನಿಮ್ಮ ತಾತನ ಕೋಣೆಯಲ್ಲಿದ್ದಾರೆ. ಕೆಳಗೆ ಬರೀ ಸೈಕಲ್ಲು, ಡ್ರಮ್ಮು.

ಕಳೆದ ಮಳೆಗಾಲದಲ್ಲಿ ಗುಲಾಬಿಯವರ ಕಟ್ಟೆ ಉಳಿಯಲಿಲ್ಲ. ಈಗ ಅವರು ಒಳನಾಡಿನಲ್ಲಿ ಮಗಳ ಮನೆಯಲ್ಲಿದ್ದಾರೆ. "ಇಲ್ಲಿ ನೀರಿನ ಸದ್ದೇ ಇಲ್ಲ ಅಮ್ಮ, ನಿದ್ದೆ ಹತ್ತುವುದಿಲ್ಲ. ನಿಮ್ಮ ಮೋರಿಯನ್ನಾದರೂ ಕಳಿಸಿ," ಎಂದು ಕಳೆದ ವಾರ ಕೇಳಿದರು. ನಾನು ಕೊಡದೆ ಮುಚ್ಚಿಟ್ಟ ಸದ್ದನ್ನೇ ಈಗ ಬೇಡಿ ಪಡೆಯುತ್ತಿದ್ದಾರೆ.

ಇಷ್ಟು ಬರೆಯುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಇವತ್ತು ಬುಧವಾರ. ಟೋಪಿ ಅರ್ಧ ಒಣಗಿತ್ತು, ಹಾಗೇ ತೊಡಿಸಿಕೊಂಡು ಹೋಗಿಬಂದೆ. ಕುಕ್ಕರ್ ಕೂಗಿತು, ವೆಲ್ಡಿಂಗ್ ಚರಚರ ಎಂದಿತು, ಮಹಡಿಯಿಂದ ಭೀಮವ್ವ ಕೆಮ್ಮಿದರು. ಎಲ್ಲವನ್ನೂ ತುಂಬಿಕೊಂಡೆ. ಚಪ್ಪಡಿಯ ಹತ್ತಿರ ಬಗ್ಗಿ, ನಡಿಗೆಯ ನಿಯಮವನ್ನು ಮುರಿದು, "ಗುಲಾಬಮ್ಮಾ, ಕೇಳಿಸ್ತಾ? ಇವತ್ತು ಗಲಾಟೆ ಮಾಡ್ತಾ ಇದೆ!" ಅಂದೆ.

ನನ್ನ ಕೂಗಿಗೆ ಎದುರಿನ ಮೂರನೇ ಮಹಡಿಯ ಕಿಟಕಿ ತೆರೆದು ಯಾರೋ ಇಣುಕಿ ನೋಡಿದರು.