ಆ ಪೇಪರ್ ಹೆಸರು ಹೇಳಿ ಚೆಲುವನನ್ನು ಹೊಗಳಬೇಡಿ

ಇಲ್ಲ... ನಂಬಲು ಆಗುತ್ತಿಲ್ಲ...
ಡಾ. ಚೆಲುವರಾಜು ಇನ್ನಿಲ್ಲವಂತೆ.

ಬೆಳಿಗ್ಗೆ ಲ್ಯಾಬ್‌ಗೆ ಹೊರಟವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತನಂತೆ. ಮತ್ತೆ ಏಳಲಿಲ್ಲ.
ಹತ್ತು ಗಂಟೆಗೆ ಅವನ ತಮ್ಮ ಫೋನ್ ಮಾಡಿದ. "ಅಕ್ಕ, ಅಣ್ಣ ಓಗ್ಬುಟ್ಟ ಕಣಕ್ಕ..."
"ಸುಮ್ನಿರಪ್ಪ, ನಿನ್ನೆ ತಾನೇ ಮೆಸೇಜ್ ಮಾಡಿದ್ದ" ಎಂದು ಆ ಹುಡುಗನಿಗೇ ಬೈದುಬಿಟ್ಟೆ.

ನಲವತ್ತೊಂದು... ಇದು ಸಾಯುವ ವಯಸ್ಸೇ?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಚೆಲುವ ಪಿರಿಯಾಪಟ್ಟಣದ ಕಡೆಯವನು. ಹೊಗೆಸೊಪ್ಪು ಬೆಳೆಯುವ ಮನೆಯಿಂದ ಬಂದು ಮಾಲಿಕ್ಯುಲರ್ ಬಯಾಲಜಿ ಓದಿದವನು.
ನಾನು ವಸಂತ. ಎಂ.ಎಸ್ಸಿ.ಯಲ್ಲಿ ಅವನ ಕ್ಲಾಸ್‌ಮೇಟ್, ಆಮೇಲೆ ಅದೇ ಲ್ಯಾಬಿನ ಸಹೋದ್ಯೋಗಿ.

ಬೆಳಿಗ್ಗೆಯಿಂದ ಇಲ್ಲಿ ನಿಮ್ಮ ಪೋಸ್ಟ್‌ಗಳನ್ನು ನೋಡುತ್ತಿದ್ದೇನೆ.
ಎಲ್ಲರೂ ಒಂದೇ ಪೇಪರ್ ಹೆಸರು ಬರೆದಿದ್ದೀರಿ... ಹೊಗೆಸೊಪ್ಪಿನ ಎಲೆ ಮುರುಟು ರೋಗದ ವೈರಸ್ ಬಗ್ಗೆ ನಾವಿಬ್ಬರೂ ಸೇರಿ ಬರೆದದ್ದು. ಅವನ ಕೆಲಸದಲ್ಲೆಲ್ಲ ಹೆಚ್ಚು ಸೈಟೇಶನ್ ಬಂದದ್ದು ಅದಕ್ಕೇ. ಯಾವ್ಯಾವ ದೇಶದವರೋ ತಮ್ಮ ಲೇಖನಗಳಲ್ಲಿ ಅದನ್ನು ಆಧಾರವಾಗಿ ಹೆಸರಿಸಿದ್ದಾರೆ.

ಕೈಮುಗಿದು ಕೇಳುತ್ತೇನೆ... ಅದನ್ನು ಹೊಗಳಬೇಡಿ.
ಆ ಪೇಪರ್ ತಪ್ಪು.
ಚೆಲುವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು... ಏಳು ತಿಂಗಳಿಂದ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ... ನಾಲ್ಕು ತಾಲ್ಲೂಕಿನ ಹೊಲಗಳಿಂದ ರೋಗದ ಎಲೆ ತಂದಿದ್ದೆವು. ಐಸ್ ತುಂಬಿದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ. "ಮೀನೇನ್ ಮೇಡಂ ಅದ್ರಲ್ಲಿ?" ಎಂದು ಕಂಡಕ್ಟರ್ ಕೇಳುತ್ತಿದ್ದರು.
ಡಿಎನ್ಎ ನೋಡಿದರೆ ನಾಲ್ಕೂ ಕಡೆ ಒಂದೇ ವೈರಸ್!
ಒಂದೇ ಹಂಗಾಮಿನಲ್ಲಿ, ಎಲೆಯ ರಸ ಹೀರುವ ಬಿಳಿ ನೊಣವೇ ಇದನ್ನು ಇಷ್ಟು ದೂರ ಹಬ್ಬಿಸಿದೆ ಎಂದು ಬರೆದೆವು. ಹೆಸರು ಬಂತು.

ಎಚ್.ಡಿ. ಕೋಟೆ ಕಡೆಯ ಕೆಂಪಮ್ಮನವರ ಹೊಲಕ್ಕೆ ಮೊದಲು ಹೋಗಿದ್ದೆವು. ಊಟ ಹಾಕಿ, ಇದೇ ರೋಗ ಇನ್ನೆಲ್ಲೆಲ್ಲಿ ಇದೆ ಎಂದು ವಿಳಾಸ ಹೇಳಿ ಕಳಿಸಿದ್ದೂ ಅವರೇ.
ಕಳೆದ ಮಳೆಗಾಲ ಚೆಲುವ ಆ ಪೇಪರ್ ಹಿಡಿದುಕೊಂಡು ಅವರ ಮನೆಗೆ ಹೋದ. ನಿಮ್ಮ ಹೊಲದ ಫೋಟೊ ಬಂದಿದೆ ನೋಡಿ ಎಂದು ತೋರಿಸಲು.

"ಅಯ್ಯೋ, ಆ ಸಸಿ ನಮ್ದಲ್ಲ ಕಣಪ್ಪ. ಉಣಸೂರ್ ತಾವ ನಮ್ಮಣ್ಣನ ಸಸಿಮಡೀದು. ಮಿಕ್ಕಿದ್ ಸಸೀನ ನಂಗೂ ಕೊಡ್ತಾನೆ, ನಮ್ ತಂಗೀಗೂ ಕೊಡ್ತಾನೆ, ನಮ್ ಮಗಳ ಊರ್ಗೂ ಓಯ್ತವೆ. ನೆಂಟ್ರು ಅಂದ್ಮೇಲೆ ಕೊಡ್ದೆ ಇದ್ದಾರಾ?"

ನಾವು ಸುತ್ತಿದ ನಾಲ್ಕೂ ತಾಲ್ಲೂಕಿನಲ್ಲಿ ಆಕೆಯ ನೆಂಟರ ಹೊಲಗಳೇ ಇದ್ದದ್ದು. ಒಂದೇ ಸಸಿಮಡಿಯಿಂದ, ಸಸಿಯ ಜೊತೆಗೇ, ರೋಗವೂ ಅವರ ಮನೆಗಳಿಗೆ ಹೋಗಿತ್ತು. ನಾವು ಪಾಪದ ನೊಣದ ಮೇಲೆ ಹೊರಿಸಿದ್ದೆವು.

ಲ್ಯಾಬ್‌ಗೆ ಬಂದವನೇ ಹೇಳಿದ. "ಪೇಪರ್ ತಪ್ಪು ಕಣೇ ವಸಂತ. ಜರ್ನಲ್‌ಗೆ ಬರ್ದ್ಬುಡನ."
"ಹುಚ್ಚೇನೋ ನಿಂಗೆ? ಪ್ರೊಫೆಸರ್ ಹುದ್ದೆಗೆ ನನ್ನ ಇಂಟರ್‌ವ್ಯೂ ಇದೆ. ನನ್ನ ಹತ್ರ ತೋರಿಸೋಕೆ ಇರೋದು ಅದೊಂದೇ!"
"ನಿನ್ ಇಂಟರ್‌ವ್ಯೂ ಮುಗೀಲಿ ಅಂತ ರೋಗ ಕಾಯ್ತದಾ? ನಮ್ಮನ್ನ ನಂಬ್ಕೊಂಡು ಜನ ನೊಣಕ್ಕೆ ಔಷ್ದಿ ಒಡೀತಾವ್ರೆ. ಮಡೀಲಿರೋ ರೋಗಾನ ಕೇಳೋರೇ ಇಲ್ಲ."

ಇಂಟರ್‌ವ್ಯೂ ಮುಂದಕ್ಕೆ ಹೋಗುತ್ತಲೇ ಇತ್ತು. ನಾನೂ ಮುಂದಕ್ಕೆ ಹಾಕುತ್ತಲೇ ಇದ್ದೆ.
ಈಗ ಬರುವ ಸೋಮವಾರ ಅದು.

ಚೆಲುವಾ...
ನೀನು ಬರೆದುಕೊಟ್ಟ ತಿದ್ದುಪಡಿ ಪತ್ರ ನನ್ನ ಮೇಜಿನ ಮೇಲೇ ಇದೆ ಕಣೋ. ಇಬ್ಬರ ಸಹಿಯೂ ಇರಬೇಕೆಂಬುದು ಜರ್ನಲ್‌ನ ನಿಯಮ. ನಿನ್ನದಿದೆ... ನನ್ನದಿರಲಿಲ್ಲ.
ನಿನ್ನೆ ಸಂಜೆ ನೀನು ಮತ್ತೆ ಮೆಸೇಜ್ ಮಾಡಿದೆ. "ಊರಲ್ಲಿ ಸಸಿಮಡಿ ಆಕ್ತಾವ್ರೆ ಕಣೇ. ಸೈನ್ ಮಾಡ್ತೀಯಾ?"
ನಾನು ಓದಿದೆ. ಫೋನನ್ನು ಬ್ಯಾಗಿಗೆ ಹಾಕಿದೆ.
ನಿನ್ನ ಮೇಲೆ ಸಿಟ್ಟಿತ್ತು ನನಗೆ. ನೀನು ಸರಿ ಇದ್ದೀಯ ಎಂಬುದಕ್ಕೇ ಸಿಟ್ಟು.

ಸ್ನೇಹಿತರೇ, ಇನ್ನೊಂದು ಮಾತಿದೆ.
ಎಲೆ ಕೀಳುವಾಗ ಹೊಲದಲ್ಲೇ ತುಂಬುವ ಫಾರಂನಲ್ಲಿ ಸಸಿ ಎಲ್ಲಿಯದು ಎಂದು ಕೇಳುವ ಒಂದು ಕಾಲಂ ಇತ್ತು. ಆ ಫಾರಂ ತುಂಬಿದವಳು ನಾನು. ಬಸ್ ತಪ್ಪಿಹೋಗುತ್ತದೆಂಬ ಆತುರಕ್ಕೆ, ಯಾರನ್ನೂ ಕೇಳದೆ, ನಾಲ್ಕೂ ಕಡೆ "ಸ್ವಂತ ಮಡಿ" ಎಂದು ಗೀಚಿದ್ದೆ.
ಚೆಲುವ ಪತ್ರದಲ್ಲಿ ಏನು ಬರೆದಿದ್ದಾನೆ ಗೊತ್ತೇ?
ಫಾರಂ ತುಂಬಿದ್ದು ತಾನು ಎಂದು.
ಯಾಕೋ ಹೀಗೆ ಬರೆದೆ ಎಂದು ಕೇಳಿದ್ದಕ್ಕೆ "ನಿಂಗೆ ಇಂಟರ್‌ವ್ಯೂ ಅದಲ್ಲ, ಬುಡು" ಎಂದಿದ್ದ.
ಅಷ್ಟಾದರೂ ನಾನು ಸಹಿ ಹಾಕಲಿಲ್ಲ.

ಬೆಳಿಗ್ಗೆ ಸುದ್ದಿ ಕೇಳಿ ತುಂಬ ಅತ್ತೆ. ಅಳುವಾಗಲೇ ಒಂದು ಕ್ಷಣ... ಇನ್ನು ಇದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.
ಹೌದು, ಅಂದುಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವನ ಆ ಒಂದು ಸಾಲನ್ನು ಹೊಡೆದು ಹಾಕಿದ್ದೇನೆ. ಫಾರಂ ತುಂಬಿದ್ದು ವಸಂತ ಎಂದು ಬರೆದು, ಸಹಿ ಮಾಡಿ, ಅರ್ಧ ಗಂಟೆಯ ಹಿಂದೆ ಜರ್ನಲ್‌ಗೆ ಕಳಿಸಿದೆ. ಇಂಟರ್‌ವ್ಯೂನವರಿಗೂ ಒಂದು ಪ್ರತಿ ಹೋಗಿದೆ. ಸೋಮವಾರ ಏನಾಗುತ್ತದೋ ಗೊತ್ತಿಲ್ಲ.

ಆ ಪೇಪರ್ ನಂಬಿ ಬರೆದವರೆಲ್ಲ ದಯವಿಟ್ಟು ತಿದ್ದಿಕೊಳ್ಳಿ.
ನಿಮ್ಮ ಊರಲ್ಲಿ ಯಾರಾದರೂ ನೆಂಟರಿಗೆ ಸಸಿ ಕೊಡುತ್ತಿದ್ದರೆ, ಎಲೆ ಮುರುಟಿದ ಮಡಿಯದು ಬೇಡ ಎಂದು ಇವತ್ತೇ ಫೋನ್ ಮಾಡಿ ಹೇಳಿ. ಹಾರ ತರುವುದಕ್ಕಿಂತ ಅದು ಅವನಿಗೆ ಇಷ್ಟವಾಗುತ್ತದೆ.

ಸಂಜೆ ಐದಕ್ಕೆ ಅವನ ಊರಿನಲ್ಲಿ ಮಣ್ಣು. ನಾನು ಹೊರಟೆ...

ಸೈನ್ ಮಾಡಿದೆ ಕಣೋ ಚೆಲುವ.
ಒಂದು ದಿನ ತಡವಾಯಿತು...
ನಿನ್ನ ಜೀವ ಇನ್ನಾದರೂ ತಣ್ಣಗಿರಲಿ.